ತಮ್ಮ ಹಾಕಿಕೊಟ್ಟ ಲಿನಕ್ಸ್

ಐಲಿ ಲಂಪಿನೆನ್ ಕೆನಡಾದ ನಮ್ಮ ಥಂಡರ್ ಬೇ ಊರಿನಲ್ಲಿ ಶಾಲಾ ಬಸ್ಸು ಓಡಿಸಿ ನಿವೃತ್ತಳಾದವಳು. ರಸ್ತೆ ಗಾಜಿನಂತೆ ಜಾರುವ ಜನವರಿಯಲ್ಲೂ ಒಂದು ಮಗುವಿಗೂ ಪೆಟ್ಟಾಗದ ಹಾಗೆ ಓಡಿಸಿದ್ದಳೆಂದು ಜನ ಈಗಲೂ ಹೇಳುತ್ತಾರೆ. ತನ್ನ ಕೆಲಸ ತಾನೇ ಮಾಡಿಕೊಳ್ಳುವ, ತನ್ನ ಕಷ್ಟ ತನ್ನೊಳಗೇ ಇಟ್ಟುಕೊಳ್ಳುವ ಹೆಂಗಸು. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ತಮ್ಮ ತೌನೊ ಹೇಳಿದ್ದೇ ಅವಳಿಗೆ ವೇದವಾಕ್ಯವಾಗಿತ್ತು.

ತೌನೊ ಪೇಪರ್ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು. ಮಿಲ್ಲು ಬಿಟ್ಟ ಮೇಲೆ ಲೈಬ್ರರಿಯ ನೆಲಮಾಳಿಗೆಯಲ್ಲಿ ಸೇರುವ, ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ಉಚಿತ ತಂತ್ರಾಂಶದ ಬಳಗಕ್ಕೆ ಹೋಗತೊಡಗಿ, ಹೊಸ ಮತಕ್ಕೆ ಸೇರಿದವರ ಹಾಗೆ ಎಲ್ಲರಿಗೂ ಅದನ್ನೇ ಬೋಧಿಸುತ್ತಿದ್ದ. ಅಕ್ಕನ ಲ್ಯಾಪ್‌ಟಾಪಿಗೆ ಇನ್ನು ಮುಂದೆ ರಕ್ಷಣೆ ಸಿಗುವುದಿಲ್ಲ, ಹೊಸದು ಕೊಳ್ಳಿ ಎಂದು ಅದರ ಪರದೆಯ ಮೇಲೆ ದಿನವೂ ಎಚ್ಚರಿಕೆ ಮೂಡತೊಡಗಿದಾಗ ಅವನಿಗೆ ಒಳಗೊಳಗೇ ಖುಷಿಯಾಯಿತು.

"ಗಟ್ಟಿಮುಟ್ಟಾಗಿರೋ ಯಂತ್ರ ಇದು, ಇದನ್ನ ಯಾಕೆ ಬಿಸಾಕ್ತೀಯ ಅಕ್ಕ? ಲಿನಕ್ಸ್ ಹಾಕ್ಕೊಡ್ತೀನಿ. ಯಾರಪ್ಪನ ಸ್ವತ್ತೂ ಅಲ್ಲ ಅದು. ಒಳಗೇನಿದೆ ಅಂತ ಯಾರು ಬೇಕಾದ್ರೂ ಬಿಚ್ಚಿ ನೋಡಬಹುದು."

"ನಾನು ಬಿಚ್ಚಿ ನೋಡಿ ಏನು ಮಾಡ್ಲಿ? ಬಸ್ಸಿನ ಇಂಜಿನ್ನನ್ನೇ ಬಿಚ್ಚಿದವಳಲ್ಲ."

"ನೀನು ನೋಡಬೇಡ. ನೋಡೋರು ಇದಾರಲ್ಲ, ಅದೇ ಧೈರ್ಯ. ಈಗ ನೀನು ಏನು ಓದ್ತೀಯ, ಏನು ಹುಡುಕ್ತೀಯ ಅಂತ ಎಲ್ಲೋ ಕೂತೋರು ಇಣುಕ್ತಿದಾರೆ. ಇದನ್ನ ಹಾಕಿದ್ ಮೇಲೆ ನಿನ್ನ ಮನೆ ನಿನ್ನದೇ."

ಒಂದು ಶನಿವಾರ ಅವಳ ಅಡುಗೆಮನೆಯ ಮೇಜಿನ ಮೇಲೆ ಕೆಲಸ ನಡೆಯಿತು. ತೀರಿಹೋದ ಗಂಡ ಆರ್ವೊನ ಫೋಟೋಗಳನ್ನೆಲ್ಲ ತೌನೊ ಮೊದಲು ಪೆನ್‌ಡ್ರೈವಿಗೆ ತುಂಬಿಕೊಂಡ. ಡಿಸ್ಕನ್ನು ಪೂರ್ತಿ ಅಳಿಸುವ ಮುನ್ನ "ಅಳಿಸ್ಲಾ?" ಎಂದು ಕೇಳಿದ. ಐಲಿ ಕಾಫಿ ಬಗ್ಗಿಸುತ್ತಿದ್ದವಳು ಕೆಟಲ್ ಕೆಳಗಿಟ್ಟು "ಹೂಂ" ಎಂದಳು. ಮಧ್ಯಾಹ್ನದ ಹೊತ್ತಿಗೆ ಹೊಸ ಪರದೆ ಬಂತು. ಫೋಟೋಗಳು, ಇಸ್ಪೀಟಾಟ, ಮೇಲ್ ಎಲ್ಲವೂ ಇದ್ದವು. ಯಂತ್ರ ಮೊದಲಿಗಿಂತ ಚುರುಕಾಗಿತ್ತು ಕೂಡ.

ಹೊರಡುವಾಗ ತೌನೊ ಹೇಳಿದ: "ಏನಾದ್ರೂ ತೊಡಕಾದ್ರೆ ನಾನು ನಮ್ಮನೆಯಿಂದ್ಲೇ ನೋಡಿ ಸರಿಮಾಡೋ ಹಾಗೆ ಒಂದು ಪ್ರೋಗ್ರಾಂ ಹಾಕಿದೀನಿ. ನೀನು ಫೋನ್ ಮಾಡು. ಪರದೆ ಮೇಲೆ 'ಬರಬಹುದಾ' ಅಂತ ಕೇಳತ್ತೆ, ನೀನು ಹೂಂ ಅಂತ ಒತ್ತಿದ್ರೆ ಮಾತ್ರ ನಾನು ಬರೋಕಾಗೋದು."

ಆ ಚಳಿಗಾಲದಲ್ಲಿ ಐಲಿಯ ಎದೆಯಲ್ಲಿ ಗಂಟು ಕಾಣಿಸಿತು. ಪರೀಕ್ಷೆಗೆ ಕಳಿಸಿದ್ದು ಕ್ಯಾನ್ಸರ್ ಎಂದು ಬಂತು. ಚಿಕ್ಕದು, ಬೇಗ ಗೊತ್ತಾಗಿದೆ, ಆಪರೇಷನ್ ಮಾಡಿ ತೆಗೆಯಬಹುದು ಎಂದರು ಡಾಕ್ಟರು. ಆಪರೇಷನ್ ಮುಗಿಯುವ ತನಕ ಊರಿನಲ್ಲಿ ಯಾರಿಗೂ ಹೇಳಬಾರದೆಂದು ಅವಳು ನಿಶ್ಚಯಿಸಿದಳು. ಅದಕ್ಕೆ ಕಾರಣವಿತ್ತು. ಆರ್ವೊ ಹಾಸಿಗೆ ಹಿಡಿದಾಗ ಅವರ ಮನೆ ಸಂತೆಯಾಗಿತ್ತು. ಬಂದವರು ಹಜಾರದಲ್ಲಿ ಕೂತು, ಅವನು ಆಗಲೇ ಹೋದವನೆಂಬಂತೆ ಮೆಲುದನಿಯಲ್ಲಿ ಮಾತಾಡುತ್ತಿದ್ದರು. ಒಳಗೆ ಮಲಗಿದ್ದ ಆರ್ವೊನಿಗೆ ಎಲ್ಲವೂ ಕೇಳಿಸುತ್ತಿತ್ತು. ತನಗೆ ಹಾಗಾಗುವುದು ಬೇಡ ಎಂದು ಐಲಿ ಆ ದಿನಗಳಲ್ಲೇ ತಮ್ಮನಿಗೆ ಹೇಳಿದ್ದಳು. ಈಗಿನ ಗಂಟಿನ ವಿಷಯವನ್ನು ಅವನಿಗೂ ಹೇಳಲಿಲ್ಲ.

ಆದರೂ ಒಬ್ಬರಿಗಾದರೂ ಹೇಳದೆ ಇರಲಾಗಲಿಲ್ಲ. ಬಾಲ್ಯದ ಗೆಳತಿ ಸಿಲ್ವಿ ದೂರದ ಸಡ್‌ಬರಿಯಲ್ಲಿದ್ದಳು. ಅವಳಿಗೆ ಮೇಲ್ ಬರೆದಳು. ಸಿಲ್ವಿ ದಿನವೂ ಉತ್ತರಿಸುತ್ತಿದ್ದಳು. ಆ ಕಾಗದಗಳಲ್ಲಿ ಐಲಿ ತನ್ನ ಹೆದರಿಕೆಯನ್ನೆಲ್ಲ ಹರಡಿಕೊಂಡಳು. ಕನ್ನಡಿಯ ಮುಂದೆ ನಿಲ್ಲಲಾಗುತ್ತಿಲ್ಲ ಎಂದೂ ಬರೆದಳು.

ಎರಡು ವಾರ ಕಳೆದಿರಬಹುದು. ಭಾನುವಾರ ಚರ್ಚು ಬಿಟ್ಟ ಮೇಲೆ ಹೆಲ್ಮಿ ಐಲಿಯ ಮನೆ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಬಿಸಿ ಮ್ಯಾಕರೋನಿ ಪಾತ್ರೆ. ಹೆಲ್ಮಿ ಚರ್ಚಿನ ಹೆಂಗಸರ ಗುಂಪಿಗೆ ಯಜಮಾನಿ ಇದ್ದ ಹಾಗೆ.

"ನೀನೊಬ್ಬಳೇ ಯಾಕೆ ಇದನ್ನ ಹೊತ್ಕೊಂಡಿದೀಯ ಐಲಿ? ನಾವೆಲ್ಲ ಇವತ್ತು ನಿನ್ನ ಹೆಸರು ಹೇಳಿ ಪ್ರಾರ್ಥನೆ ಮಾಡಿದ್ವಿ."

"ಎಲ್ಲರೂ ಅಂದ್ರೆ?"

"ಎಲ್ಲರೂ. ಪಾದ್ರಿಗಳೂ."

ಸಂಜೆಯೊಳಗೆ ಇನ್ನೂ ನಾಲ್ಕೈದು ಮನೆಗಳಿಂದ ಅಡುಗೆಯ ಪಾತ್ರೆಗಳು ಬಂದವು. ಎಲ್ಲರ ಮುಖದಲ್ಲೂ ಆರ್ವೊನ ಕಾಲದ ಅದೇ ಮರುಕ. ಕೊನೆಯವರು ಹೋದ ಮೇಲೆ ಐಲಿ ಸಿಲ್ವಿಗೆ ಫೋನ್ ಮಾಡಿದಳು.

"ಯಾರ ಹತ್ರ ಬಾಯಿಬಿಟ್ಟೆ?"

"ಯಾವುದನ್ನ?"

"ನಾಟಕ ಆಡಬೇಡ ಸಿಲ್ವಿ. ನಿನ್ನೊಬ್ಬಳಿಗೇ ನಾನು ಹೇಳಿದ್ದು. ಹೆಲ್ಮಿ ನಿನ್ನ ನಾದಿನಿಯ ಗೆಳತಿ ಅಲ್ವಾ?"

"ನಾನು ನನ್ನ ಗಂಡನಿಗೂ ಹೇಳಿಲ್ಲ ಕಣೆ," ಎಂದಳು ಸಿಲ್ವಿ. "ಇಷ್ಟು ವರ್ಷದಲ್ಲಿ ನನ್ನನ್ನ ಇಷ್ಟೇನಾ ತಿಳ್ಕೊಂಡಿದ್ದು?"

"ಇವತ್ತು ತಿಳ್ಕೊಂಡೆ," ಎಂದು ಐಲಿ ಫೋನಿಟ್ಟಳು.

ಮರುದಿನ ತೌನೊ ಬಂದಾಗ ಅವನೆದುರು ಅತ್ತಳು. ಗಂಡ ಸತ್ತಾಗಲೂ ಯಾರೆದುರೂ ಅಳದವಳು. ತೌನೊ ಅವಳ ಬೆನ್ನು ಸವರಿದ.

"ಸಿಲ್ವಿ ಹೀಗೆ ಮಾಡ್ತಾಳೆ ಅಂದ್ಕೊಂಡಿರಲಿಲ್ಲ ಕಣೋ."

ಅವನು ಕಾಫಿ ಕಪ್ಪನ್ನೇ ನೋಡುತ್ತ, "ಅವಳ ಬಾಯಿ ಚಿಕ್ಕಂದಿನಿಂದ್ಲೂ ಸಡಿಲ ಬಿಡಕ್ಕ," ಎಂದ.

ಸಿಲ್ವಿಯ ಮೇಲ್‌ಗಳು ಇನ್ನೂ ಕೆಲವು ದಿನ ಬಂದವು. ಐಲಿ ಒಂದನ್ನೂ ತೆರೆಯಲಿಲ್ಲ. ಆಮೇಲೆ ಅವು ನಿಂತುಹೋದವು.

ಆಪರೇಷನ್‌ಗೆ ಒಂದು ವಾರವಿರುವಾಗ ಲ್ಯಾಪ್‌ಟಾಪಿನಲ್ಲಿ ಧ್ವನಿ ಬರುವುದು ನಿಂತಿತು. ತೌನೊ ಹೆಪ್ಪುಗಟ್ಟಿದ ಸರೋವರದ ಮೇಲೆ ಮೀನು ಹಿಡಿಯಲು ಹೋಗಿದ್ದ. ಅಲ್ಲಿ ಫೋನ್ ಸಿಗುವುದಿಲ್ಲ. ಐಲಿ ತಾನೇ ಲೈಬ್ರರಿಗೆ ಹೋದಳು. ಅಲ್ಲಿ ಬಳಗ ನಡೆಸುವ ಮಾರ್ಲೀನ್ ಧ್ವನಿಯನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಸರಿಮಾಡಿದಳು. ಹಾಗೇ ಕಣ್ಣಾಡಿಸುತ್ತಿದ್ದವಳು ಒಂದು ಕಡೆ ನಿಂತಳು.

"ಐಲಿ, ದೂರದಿಂದ ಒಳಗೆ ಬರೋ ಈ ಪ್ರೋಗ್ರಾಂ ನೀವೇ ಹಾಕಿಸ್ಕೊಂಡಿದ್ದಾ?"

"ನನ್ನ ತಮ್ಮ ಹಾಕಿದ್ದು. ನಾನು ಹೂಂ ಅಂದ್ರೆ ಮಾತ್ರ ಬರೋದು ಅದು."

ಮಾರ್ಲೀನ್ ಪರದೆಯನ್ನು ಅವಳ ಕಡೆ ತಿರುಗಿಸಿದಳು. "ಇಲ್ಲಿ ಹಾಗಿಲ್ಲ ರೀ. ಕೇಳಬೇಡ ಅಂತ ಮಾಡಿಟ್ಟಿದಾರೆ. ತೌನೊ ಅವರ ಯಂತ್ರ ಯಾವಾಗ ಬೇಕಾದ್ರೂ ಒಳಗೆ ಬರಬಹುದು. ನಿಮಗೆ ಕಾಣೋ ಪರದೆ ಪೂರ್ತಿ ಅವರಿಗೂ ಕಾಣತ್ತೆ. ಮೇಲ್ ಕೂಡ."

ಐಲಿ ಕೋಟಿನ ಗುಂಡಿಗಳನ್ನು ಹಾಕಿಕೊಳ್ಳುತ್ತ ನಿಂತಳು. ತಪ್ಪು ಕಾಜಕ್ಕೆ ತಪ್ಪು ಗುಂಡಿ ಹೋಯಿತು.

ತೌನೊ ಸರೋವರದಿಂದ ಬಂದು ಮೀನಿನ ಬುಟ್ಟಿ ಇಳಿಸುತ್ತಿರುವಾಗಲೇ ಅವಳು ಅವನ ಅಂಗಳದಲ್ಲಿದ್ದಳು.

"ಸಿಲ್ವಿಗೆ ಬರೆದಿದ್ದನ್ನ ಓದಿದ್ಯಾ?"

ಅವನು ಕೈಗವಸು ಕಳಚಿದ. ಮತ್ತೆ ಹಾಕಿಕೊಂಡ. "ಮೊದಲು ಅಪ್‌ಡೇಟ್ ಆಗಿದ್ಯಾ ಅಂತ ನೋಡೋಕೆ ಬಂದೆ, ಅಷ್ಟೇ. ಪರದೆ ಮೇಲೆ ಕಾಗದ ತೆರ್ಕೊಂಡಿತ್ತು. ನೀನು ಯಾರಿಗೂ ಏನೂ ಹೇಳಲ್ಲ ಅಕ್ಕ. ನಂಗೆ ಹೆದರಿಕೆ ಆಯ್ತು. ಹೆಲ್ಮಿ ಹತ್ರ ಪ್ರಾರ್ಥನೆ ಮಾಡಿ ಅಂತ ಅಷ್ಟೇ ಹೇಳಿದ್ದು."

"ಒಂದು ದಿನ ಓದಿದ್ಯೋ, ದಿನಾ ಓದಿದ್ಯೋ?"

ಅವನು ಬಗ್ಗಿ ಬುಟ್ಟಿಯ ಮೀನುಗಳನ್ನು ಸರಿಮಾಡತೊಡಗಿದ. ಕನ್ನಡಿಯ ಬಗ್ಗೆ ಬರೆದದ್ದು ನೆನಪಾಗಿ ಐಲಿ ಕೋಟನ್ನು ಎದೆಗೆ ಎಳೆದುಕೊಂಡಳು.

"ನಾನೇನು ಹೊರಗಿನವನಾ?" ಎಂದ ಕೊನೆಗೆ. "ನಿನ್ನ ದುಡ್ಡು ಕದ್ದೆನಾ? ಪ್ರೀತಿಯಿಂದ ತಾನೆ ಮಾಡಿದ್ದು."

"ಓದಿದ್ದನ್ನ ಹೇಗೋ ನುಂಗ್ಕೋತಿದ್ದೆ ತೌನೊ. ಆದ್ರೆ ನಾನು ಅಳ್ತಾ ಸಿಲ್ವಿ ಹೆಸರು ಹೇಳಿದಾಗ ನೀನು ಎದುರಿಗೇ ಕೂತಿದ್ದೆ. ಒಂದು ಮಾತಲ್ಲಿ ತಡೀಬಹುದಿತ್ತು. ತಡೀಲಿಲ್ಲ. ಮೇಲಿಂದ ಅವಳ ಬಾಯಿ ಸಡಿಲ ಅಂದೆ."

"ಆಗ ಹೇಳೋಕೆ ಆಗಲಿಲ್ಲ..."

"ಆಮೇಲೂ ಆಗಲಿಲ್ಲ ಅಲ್ವಾ."

ಅವಳು ಕಾರು ಹತ್ತಿದಳು.

ಮರುದಿನವೇ ಲೈಬ್ರರಿಗೆ ಹೋಗಿ ಮಾರ್ಲೀನಳ ಪಕ್ಕದಲ್ಲಿ ಕೂತು ಡಿಸ್ಕನ್ನು ಮತ್ತೆ ಅಳಿಸಿ, ಲಿನಕ್ಸನ್ನೇ ಹೊಸದಾಗಿ ಹಾಕಿದಳು. ಈ ಸಲ ಎಲ್ಲ ಗುಂಡಿಗಳನ್ನೂ ಒತ್ತಿದ್ದು ಅವಳೇ. "ಬೇಸರ ಆಗಿ ಹಳೇದಕ್ಕೇ ಹೋಗ್ತೀರೇನೋ ಅಂದ್ಕೊಂಡೆ," ಎಂದಳು ಮಾರ್ಲೀನ್. ಐಲಿ, "ತಪ್ಪು ಮಾಡಿದ್ದು ಇದಲ್ಲವಲ್ಲ," ಎಂದಷ್ಟೇ ಹೇಳಿ ಹೊಸ ಪಾಸ್‌ವರ್ಡನ್ನು ಯಾರೂ ನೋಡದಂತೆ ಟೈಪ್ ಮಾಡಿದಳು.

ಸಿಲ್ವಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿ ಕ್ಷಮೆ ಕೇಳಿದಳು. ಸಿಲ್ವಿ ಸಮಾಧಾನವಾಗಿ ಕೇಳಿಸಿಕೊಂಡಳು. "ಅವನು ಮಾಡಿದ್ದು ಅರ್ಥ ಆಯ್ತು," ಎಂದಳು. "ಆದ್ರೆ ನಂಬದೆ ಇದ್ದೋಳು ನೀನು. ಸ್ವಲ್ಪ ಕಾಲ ಬಿಡು ನನ್ನ." ಆಪರೇಷನ್ ಆದ ದಿನ ಅವಳಿಂದ ಒಂದು ಸಾಲು ಬಂತು: ಬೇಗ ಹುಷಾರಾಗು. ಕೊನೆಯಲ್ಲಿ ಬರೀ ಹೆಸರು.

ಗಂಟು ಪೂರ್ತಿ ಹೋಯಿತೆಂದು ಡಾಕ್ಟರು ಹೇಳಿದರು. ಐಲಿ ಆಸ್ಪತ್ರೆಗೆ ಟ್ಯಾಕ್ಸಿಯಲ್ಲಿ ಹೋದಳು, ಟ್ಯಾಕ್ಸಿಯಲ್ಲೇ ಬಂದಳು. ಹಿಮ ಬಿದ್ದ ಬೆಳಗ್ಗೆ ತೌನೊ ಬಂದು ಅವಳ ಮೆಟ್ಟಿಲ ಮೇಲಿನದನ್ನೆಲ್ಲ ಸಲಿಕೆಯಿಂದ ಬಾಚುತ್ತಾನೆ. ಮುಗಿಸಿ, ಸಲಿಕೆಯ ಹಿಡಿಗೆ ಗದ್ದ ಊರಿ, ಒಂದಷ್ಟು ಹೊತ್ತು ಬಾಗಿಲ ಕಡೆ ನೋಡುತ್ತಾನೆ. ಕಾಫಿಯ ವಾಸನೆ ಹೊರಗೂ ಬರುತ್ತಿರುತ್ತದೆ. ಒಳಗೆ ಬಾ ಎಂದು ಅವಳು ಇನ್ನೂ ಕರೆದಿಲ್ಲ.