ಮೂಗಿನ ಬಟ್ಟೆ

ಹಾಸಿಗೆ ಕಾರ್ಖಾನೆಯ ಹತ್ತಿ ಹಿಂಜುವ ಕೋಣೆಗೆ ಎರಡು ಕಿಟಕಿಗಳಿದ್ದವು. ಎರಡಕ್ಕೂ ಮೊಳೆ ಜಡಿದಿತ್ತು. ಗಾಳಿ ಬಂದರೆ ಹತ್ತಿ ಹಾರಿಹೋಗುತ್ತದೆಂದು ಯಜಮಾನರ ಭಯ. ಒಳಗಿರುವವರ ಪ್ರಾಣ ಹಾರಿಹೋಗುವ ಬಗ್ಗೆ ಅವರು ತಲೆ ಕೆಡಿಸಿಕೊಂಡವರಲ್ಲ.

ಆ ಕೋಣೆಯಲ್ಲೇ ಅಮ್ಮ ಕೆಮ್ಮುತ್ತ ದುಡಿಯುತ್ತಿದ್ದಳು. ಕೆಲಸ ಬಿಡು ಎಂದು ಮಗಳು ಹೇಳಿದರೆ, ಈ ವಯಸ್ಸಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ ಎಂದು ಬಾಯಿ ಮುಚ್ಚಿಸುತ್ತಿದ್ದಳು. ಮಗಳು ಶ್ವಾಸಕೋಶದ ಸಂಶೋಧನೆಗಾಗಿ ಗಾಳಿಯ ಧೂಳು ಅಳೆಯುವವಳು. ಆ ಕೋಣೆಯ ಧೂಳು ಅಳೆಯಲು ಯಜಮಾನರ ಬೆನ್ನು ಬಿದ್ದು ಕೊನೆಗೂ ಒಪ್ಪಿಸಿದ್ದಳು.

"ಒಂದೇ ದಿನ. ನೀನು ಒಳಗೆ ಬರೋ ಹಾಗಿಲ್ಲ. ಧೂಳು ಜಾಸ್ತಿ ಅಂತ ಬಂದ್ರೆ ಕಿಟಕಿ ತೆಗೆಸಿ ಫ್ಯಾನ್ ಹಾಕಿಸ್ತೀನಿ. ಇಲ್ಲಾಂದ್ರೆ ಮತ್ತೆ ಈ ಕಡೆ ತಲೆ ಹಾಕಬಾರದು," ಎಂದಿದ್ದರು.

ಬೆಳಿಗ್ಗೆ ಮಗಳು ಅಂಗೈಯಗಲದ ಯಂತ್ರವನ್ನು ಅಮ್ಮನ ಕತ್ತಿನ ಬಳಿ ಸಿಕ್ಕಿಸಿದಳು. ದಿನವಿಡೀ ಗಾಳಿ ಎಳೆದುಕೊಂಡು ಸಂಜೆಗೆ ಅದು ಧೂಳಿನ ಸರಾಸರಿ ತೋರಿಸುತ್ತಿತ್ತು. "ಜೋಪಾನ ಅಮ್ಮಾ, ಇದು ಕೆಟ್ರೆ ನನ್ನ ಕೆಲಸಕ್ಕೇ ಸಂಚಕಾರ."

"ನಿನ್ನೇ ಸಾಕಿದೋಳಿಗೆ ಈ ಪೆಟ್ಟಿಗೆ ನೋಡ್ಕೊಳ್ಳೋಕೆ ಬರಲ್ವೇನೇ?"

ಮಗಳು ಗೇಟಿನ ಹೊರಗೆ ಜೀವ ಕೈಯಲ್ಲಿ ಹಿಡಿದು ಕಾದಳು. ಧೂಳು ಹೆಚ್ಚಿರಲಿ ಎಂದು ಹೀಗೆ ಹಂಬಲಿಸಿದವರು ಇನ್ನಾರೂ ಇರಲಾರರು.

ಸಂಜೆ ಯಜಮಾನರೇ ಯಂತ್ರ ಇಸಿದುಕೊಂಡು ಪರದೆ ನೋಡಿದರು. ಮುಖ ಊರಗಲವಾಯಿತು. "ನಿಮ್ಮ ಆಫೀಸಿಗಿಂತ ನನ್ನ ಕೋಣೆನೇ ಚೊಕ್ಕಟ, ಅಲ್ವೇನಮ್ಮಾ?"

ಮಗಳಿಗೆ ನಂಬಲಾಗಲಿಲ್ಲ. ಅಮ್ಮನತ್ತ ತಿರುಗಿದಳು. ದಿನವೂ ಅಮ್ಮನ ಹಣೆ, ಹುಬ್ಬು ಮಾತ್ರ ಬೆಳ್ಳಗಿರುತ್ತಿದ್ದವು; ಇಂದು ತುಟಿಯ ಮೇಲೆ, ಮೂಗಿನ ಹೊಳ್ಳೆಗಳಲ್ಲಿ ಕೂಡ ಹತ್ತಿಯ ಎಳೆ ಮೆತ್ತಿಕೊಂಡಿತ್ತು.

"ಅಮ್ಮಾ, ಮೂಗಿಗೆ ಕಟ್ಟೋ ಬಟ್ಟೆ ಎಲ್ಲಿ?"

ಅಮ್ಮ ಸೊಂಟದಲ್ಲಿ ಸಿಕ್ಕಿಸಿದ್ದ ಬಟ್ಟೆ ತೆಗೆದಳು. "ನಿನ್ನ ಮಿಷನ್‌ಗೆ ಸುತ್ತಿದ್ದೆ ಕಣೇ. ಒಂಚೂರೂ ಧೂಳು ತಾಗೋಕೆ ಬಿಟ್ಟಿಲ್ಲ." ಕೆಮ್ಮಿನ ನಡುವೆಯೂ ಅವಳಿಗೆ ಹೆಮ್ಮೆ.

"ಸಾರ್, ಈ ಲೆಕ್ಕ ತಪ್ಪು. ದಮ್ಮಯ್ಯ, ಇನ್ನೊಂದೇ ದಿನ ಕೊಡಿ."

"ಮಾತು ಅಂದ್ರೆ ಮಾತು," ಎಂದು ಯಜಮಾನರು ಗೇಟಿನತ್ತ ಕೈ ತೋರಿಸಿ ಒಳಹೋದರು.

ಮಗಳಿಗೆ ಅಳು ಒತ್ತರಿಸಿ ಬಂತು. ಜೋಪಾನ ಎಂದ ತನ್ನ ಮಾತೇ ಆ ಕಿಟಕಿಗಳಿಗೆ ಮತ್ತೊಂದು ಮೊಳೆ ಹೊಡೆದಿತ್ತು. ಅಮ್ಮ ಗಾಬರಿಯಾದಳು. "ಯಾಕೇ? ಕೆಟ್ಟುಹೋಯ್ತಾ?"

"ಇಲ್ಲಮ್ಮಾ. ಚೆನ್ನಾಗಿದೆ."

"ಸದ್ಯ," ಎಂದು ಅಮ್ಮ ನಿಟ್ಟುಸಿರು ಬಿಟ್ಟು ಬಟ್ಟೆ ಕೊಡವಿದಳು. "ಹಾಗಾದ್ರೆ ನಾಳೆಯಿಂದ ಇದನ್ನ ನಾನೇ ಕಟ್ಕೋಬಹುದಲ್ಲ?"