ದೊಡ್ಡ ದೇಶದ ಚೆಂಡು

"ನಿನ್ನ ನಾಯಿ ಹೊರಗೇ ಇರಲಿ. ಒಳಗೆ ಮೂಸಿ ನೋಡೋದು ಅವರ ನಾಯಿ ಮಾತ್ರ," ಎಂದರು ಸಾಹೇಬರು, ಶ್ವಾನದಳದ ಹವಾಲ್ದಾರನ ಮುಖ ನೋಡದೆ.

ಹವಾಲ್ದಾರನಿಗೆ ಮೈಯೆಲ್ಲ ಉರಿಯಿತು. ಇನ್ನೇನು ದೊಡ್ಡ ದೇಶದ ರಕ್ಷಣಾ ಮಂತ್ರಿ ಬಂದು ಈ ಸಭಾಂಗಣದಲ್ಲಿ ಒಪ್ಪಂದಕ್ಕೆ ರುಜು ಹಾಕುವವರಿದ್ದರು. ಮೊನ್ನೆ ಮೊನ್ನೆಯವರೆಗೆ ನಮ್ಮನ್ನು ಲೆಕ್ಕಕ್ಕೇ ಹಿಡಿಯದವರು, ಈಗ ಕಡಲು ಕಾಯಲು ನೀವೂ ಬೇಕು ಎಂದು ಬಾಗಿಲಿಗೆ ಬಂದಿದ್ದರು. ಬರಲಿ, ಸಂತೋಷ. ಆದರೆ ಬಾಂಬು ಹುಡುಕಿ ಹುಡುಕಿ ಮೂಗು ಸವೆಸಿದ ಮುದುಕಿಗೆ, ಅಂದರೆ ಅವನ ನಾಯಿಗೆ, ಇದು ಕೊನೆಯ ಡ್ಯೂಟಿ. ನಾಳೆಯಿಂದ ಅವಳು ಅವನ ಮನೆಯಲ್ಲೇ ಇರುತ್ತಾಳೆ. ಹೆಂಡತಿ ಆಗಲೇ ಹಳೆಯ ಕಂಬಳಿ ಒಗೆದು ಒಣಹಾಕಿದ್ದಾಳೆ. ಕೊನೆಯ ದಿನ ಅವಳನ್ನು ಬಾಗಿಲ ಹೊರಗೆ ಕೂರಿಸುವುದೇ?

"ನಮ್ಮನೆ ಸಾರ್ ಇದು. ಅವಳೂ ಒಂದು ಸುತ್ತು ಬರಲಿ."

"ಅವರು ಒಪ್ಪಲ್ಲಪ್ಪ. ಸುಮ್ನಿರು."

ಅಷ್ಟರಲ್ಲಿ ದೊಡ್ಡ ದೇಶದ ನಾಯಿ ಬಂತು. ಏನು ಮೈಕಟ್ಟು, ಏನು ಠೀವಿ! ಹೊಳೆಯುವ ನೆಲದ ಮೇಲೆ ಹೆಜ್ಜೆ ಇಟ್ಟಿದ್ದೇ ತಡ, ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೋದವು. ಎದ್ದು ಬಾಗಿಲಿಗೆ ಓಡಿಬಂದದ್ದು ಮತ್ತೆ ಜಪ್ಪಯ್ಯ ಅಂದರೂ ಕದಲಲಿಲ್ಲ. ಅದನ್ನು ಹಿಡಿದುಕೊಂಡಿದ್ದ ಆರಡಿ ಆಳು ಮುದ್ದು ಮಾಡಿದ, ಗದರಿದ, ಕೊನೆಗೆ ಮಂಡಿಯೂರಿ ಬೇಡಿಕೊಂಡ. ನಾಯಿ ಒಳಗೆ ಹೋಗಿ ಬರದೆ ಅವರ ಮಂತ್ರಿ ಕಾರಿನಿಂದ ಇಳಿಯುವಂತಿಲ್ಲ. ಸಾಹೇಬರ ಹಣೆ ಬೆವರಿತು.

ಹವಾಲ್ದಾರನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆದರೆ ಮಂಡಿಯೂರಿದವನ ಮುಖ ನೋಡಿದಾಗ ನಗು ಗಂಟಲಲ್ಲೇ ಉಳಿಯಿತು. ಮೊದಲ ವರ್ಷ ಮುದುಕಿಯೂ ಇದೇ ನೆಲದ ಮೇಲೆ ಜಾರಿ, ಎಲ್ಲರ ಎದುರಿಗೆ ಅವನ ಮಾನ ಕಳೆದಿದ್ದಳು.

"ಸಾರ್, ಇವಳು ಮುಂದೆ ಹೋಗಲಿ. ಅದು ಹಿಂದೆ ಬರುತ್ತೆ."

ಸಾಹೇಬರು ಅವರ ಭಾಷೆಯಲ್ಲಿ ಹೇಳಿದರು. ಆರಡಿ ಆಳು ಆಗಲಿ ಎಂದು ತಲೆಯಾಡಿಸಿದ.

ಮುದುಕಿ ಗೋಡೆಗೆ ಮೈ ತಾಗಿಸಿಕೊಂಡು, ಯಾವ ಅವಸರವೂ ಇಲ್ಲದೆ ನಡೆದಳು. ಅವಳ ಬಾಲಕ್ಕೆ ಮೂಗು ಹಚ್ಚಿಕೊಂಡು ಅದೂ ಹೊರಟಿತು. ಮೇಜು, ಕುರ್ಚಿ, ಹೂಕುಂಡ, ಎರಡೂ ದೇಶದ ಬಾವುಟ, ಎಲ್ಲವನ್ನೂ ಮೊದಲು ಇವಳು ಮೂಸಿದಳು, ಆಮೇಲೆ ಅದು.

ಕೆಲಸ ಮುಗಿಸಿದ ನಾಯಿಗೆ ಚೆಂಡು ಕೊಡುವುದು ಅವರಲ್ಲೂ ರೂಢಿ. ಆರಡಿ ಆಳು ಜೇಬಿನಿಂದ ಕೆಂಪು ಚೆಂಡು ತೆಗೆದ, ತನ್ನ ನಾಯಿಯನ್ನೊಮ್ಮೆ ನೋಡಿದ, ಮುದುಕಿಯತ್ತ ಉರುಳಿಸಿದ. ಅವಳು ಹವಾಲ್ದಾರನ ಮುಖ ನೋಡಿದಳು.

"ತಗೋ ತಾಯಿ," ಎಂದ ಅವನು. ಅವಳು ಚೆಂಡನ್ನು ಕಚ್ಚಿಕೊಂಡಳು.

ರುಜು ಆಯಿತು, ಕೈ ಕುಲುಕಿದ್ದೂ ಆಯಿತು. ಹೊರಡುವಾಗ ಆರಡಿ ಆಳು ಚೆಂಡಿಗೆ ಕೈ ಚಾಚಿದ. ಮುದುಕಿ ಹಲ್ಲು ಬಿಗಿದಳು.

"ಕೊಡೇ, ಅವರದ್ದು ಅದು."

ಕೊಡಲಿಲ್ಲ. ಆರಡಿ ಆಳು ಹೊಟ್ಟೆ ಹಿಡಿದುಕೊಂಡು ನಕ್ಕ. ಸಾಹೇಬರೂ ನಕ್ಕರು.

ಮನೆಯಲ್ಲಿ ಹೆಂಡತಿ ಕಂಬಳಿ ಹಾಸಿದಳು. ಮುದುಕಿ ಅದರ ಸುತ್ತ ಒಂದು ಸುತ್ತು ಬಂದು, ಮೂಲೆ ಮೂಲೆ ಮೂಸಿ ನೋಡಿ, ಮಲಗಿದಳು. ಚೆಂಡು ಬಾಯಲ್ಲೇ ಇತ್ತು.