ಸಾಹೇಬನ ವಯಸ್ಸು

ಕಚ್ಚಲು ಬಂದ ನಾಯಿಯನ್ನು ಎರಡು ಮಾತಿನಲ್ಲಿ ಸಮಾಧಾನ ಮಾಡಿ ಮೇಜಿನ ಮೇಲೆ ಮಲಗಿಸಬಲ್ಲ ಪಶುವೈದ್ಯೆ ಆಕೆ. ನಲವತ್ತು ದಾಟಿದ ಮೇಲೆ ಸಂಶೋಧನೆಯ ಹುಚ್ಚು ಹತ್ತಿತು. ಕಾಲು ಮುರಿದು ಶಸ್ತ್ರಚಿಕಿತ್ಸೆಯಾದ ನಾಯಿಗಳು ಮತ್ತೆ ನೆಟ್ಟಗೆ ನಡೆಯಲು ಎಷ್ಟು ಕಾಲ ಬೇಕು ಎನ್ನುವುದು ವಿಷಯ. ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಕೂಡಿಟ್ಟ ಮಾಹಿತಿ ಕೈಯಲ್ಲೇ ಇತ್ತು. ಕೂಡಿ ಕಳೆದು ಬರೆದರಾಯಿತು ಎಂದುಕೊಂಡಿದ್ದಳು.

“ಕೈಲೆಕ್ಕ ಎಲ್ಲ ಈಗ ನಡೆಯಲ್ಲಮ್ಮಾ,” ಎಂದರು ಮಾರ್ಗದರ್ಶಕರಾದ ಪ್ರೊಫೆಸರು. “ಎಲ್ಲಾ ಆರ್‌ನಲ್ಲೇ ಆಗ್ಬೇಕು. ಅದೊಂದು ಕಂಪ್ಯೂಟರ್ ಭಾಷೆ, ಅಂಕಿ ಅಂಶಕ್ಕೆ ಅಂತಾನೇ ಮಾಡಿರೋದು.”

“ನೀವು ಸ್ವಲ್ಪ ಹೇಳಿಕೊಡ್ತೀರಾ ಸರ್?”

ಪ್ರೊಫೆಸರಿಗೆ ತಟ್ಟನೆ ಯಾವುದೋ ಸಭೆಯ ನೆನಪಾಯಿತು.

ಹೀಗಾಗಿ ಊಟದ ಮೇಜೇ ಪಾಠಶಾಲೆಯಾಯಿತು. ಎದುರು ಕುರ್ಚಿಯಲ್ಲಿ ಅವಳ ಮಾವ. ಒಂದು ಕಾಲದಲ್ಲಿ ಫುಟ್‌ಬಾಲ್ ಪಂದ್ಯಗಳ ರೆಫರಿ. ಈಗ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡು, ಒಳಗೊಂದು ಸರಳು ಹಾಕಿಸಿಕೊಂಡು, ಊರುಗೋಲನ್ನು ಶತ್ರುವಿನಂತೆ ದುರುಗುಟ್ಟಿ ನೋಡುತ್ತ ಕೂತಿದ್ದರು.

“ಏನಮ್ಮಾ ಕಲೀತಿದ್ದೀಯ?”

“ಆರ್, ಮಾವ.”

“ಆರಾ? ಐದರ ತನಕ ಬಂತಾ ಮೊದಲು?”

ಬಂದಿರಲಿಲ್ಲ. ಮೊದಲ ಆಜ್ಞೆಯನ್ನು ಟೈಪು ಮಾಡಿದಳು. ಪರದೆಯ ಮೇಲೆ ಒಂದು ಕೂಡುವ ಚಿಹ್ನೆ ಮೂಡಿತು. ಯಂತ್ರ ಕೂಡುತ್ತಿದೆ, ಪಾಪ, ತೊಂದರೆ ಕೊಡಬಾರದು ಎಂದು ಆಕೆ ಎದ್ದು ಬಟ್ಟೆ ಒಣಹಾಕಿ ಬಂದಳು. ಚಿಹ್ನೆ ಹಾಗೇ ಇತ್ತು. ಬಹಳ ಹೊತ್ತಿನ ಮೇಲೆ ತಿಳಿಯಿತು: ತೆರೆದ ಬ್ರ್ಯಾಕೆಟ್ಟನ್ನು ಆಕೆ ಮುಚ್ಚಿರಲಿಲ್ಲ. ಯಂತ್ರವೂ ಇವಳಿಗಾಗಿಯೇ ಕಾಯುತ್ತಿತ್ತು. ಇಬ್ಬರೂ ಮರ್ಯಾದಸ್ಥರು, ಯಾರೂ ಮೊದಲು ಬಾಯಿಬಿಡಲಿಲ್ಲ.

ಆಮೇಲೆ ಯಂತ್ರ ಬಾಯಿಬಿಟ್ಟಿತು. ಬಿಟ್ಟದ್ದೆಲ್ಲ ಕೆಂಪಕ್ಷರ. ‘ವಯಸ್ಸು ಎಂಬುದು ಸಿಗಲಿಲ್ಲ’ ಎಂದು ಅದು ಹೇಳಿದರೆ, “ಕಣ್ಣೆದುರೇ ಇದೆಯಲ್ಲೋ!” ಎಂದು ಇವಳು ಗದರುವಳು. ಇಂಗ್ಲಿಷಿನ ದೊಡ್ಡಕ್ಷರದ ಜಾಗದಲ್ಲಿ ಚಿಕ್ಕಕ್ಷರ ಬಿದ್ದಿರುತ್ತಿತ್ತು. ಕೆಂಪು ಕಂಡಾಗಲೆಲ್ಲ ಮಾವ ಹಳೆಯ ಅಭ್ಯಾಸಬಲದಿಂದ “ಫೌಲ್!” ಎಂದು ಕೂಗುವರು. ಮೇಜಿನ ಕೆಳಗೆ ಮಲಗಿದ್ದ ಅವರ ನಾಯಿ ಸಾಹೇಬ ಒಂದು ಕಿವಿಯನ್ನಷ್ಟೇ ಎತ್ತುತ್ತಿತ್ತು. ಅದರ ಹಿಂಗಾಲಿಗೂ ಆಕೆಯೇ ಸರಳು ಹಾಕಿದ್ದಳು.

ಕೊನೆಗೊಂದು ಸಂಜೆ ಕೆಂಪಿಲ್ಲದ ಪರದೆ ಬಂತು. ಜೊತೆಗೆ ಒಂದು ಚಿತ್ರ. ಕೆಳಗೆ ವಯಸ್ಸು, ಪಕ್ಕದಲ್ಲಿ ಗುಣವಾಗಲು ಹಿಡಿದ ಕಾಲ. ಗೆರೆ ಎಡದಿಂದ ಬಲಕ್ಕೆ ಜಾರುಬಂಡೆಯಂತೆ ಇಳಿದಿತ್ತು. ಆಕೆ ಕಣ್ಣುಜ್ಜಿಕೊಂಡಳು.

“ಮಾವ, ವಯಸ್ಸಾದ ನಾಯಿಗಳೇ ಬೇಗ ಗುಣವಾಗ್ತವೆ ಅಂತ ಬಂದಿದೆ!”

“ಅದರಲ್ಲಿ ಆಶ್ಚರ್ಯ ಏನಿದೆ?” ಎಂದರು ಮಾವ. ಮರುದಿನ ಊರುಗೋಲು ಬೀರುವಿನ ಹಿಂದೆ ಸೇರಿತು.

ಪ್ರೊಫೆಸರಂತೂ ಕುರ್ಚಿಯಿಂದ ಎದ್ದೇಬಿಟ್ಟರು. ನಿವೃತ್ತಿಯ ಹೊಸ್ತಿಲಲ್ಲಿದ್ದ ಅವರಿಗೆ ಇಂಥ ಸುದ್ದಿಯನ್ನು ಈಚೆಗೆ ಯಾರೂ ಕೊಟ್ಟಿರಲಿಲ್ಲ. “ನಾನು ಮೊದಲಿಂದ ಇದನ್ನೇ ಹೇಳ್ತಿದ್ದೆ,” ಎಂದರು. ಯಾರಿಗೂ ಹೇಳಿರಲಿಲ್ಲ. ಬರುವ ವಾರವೇ ವಿಭಾಗದವರೆದುರು ಮಂಡಿಸಬೇಕೆಂದು ಗೊತ್ತುಮಾಡಿ, ಅಂದಿನಿಂದ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತತೊಡಗಿದರು.

ಮಂಡನೆಯ ಹಿಂದಿನ ದಿನ ಆಕೆ ಬಾಗಿಲು ತೆರೆದರೆ ಎದುರಿಗೆ ತರಕಾರಿಯ ತಳ್ಳುಗಾಡಿ. ಎಲೆಕೋಸುಗಳ ನಡುವೆ ಮಾವ ಕೂತಿದ್ದರು.

“ಪಾರ್ಕಿನ ಹತ್ತಿರ ಕಾಲು ಕೈಕೊಡ್ತಂತೆ,” ಎಂದ ಗಾಡಿಯವನು. “ಇಳಿಸ್ಕೊಳ್ಳಿ, ನನಗೆ ವ್ಯಾಪಾರ ಇದೆ.”

ಗಂಡನೂ ಆಕೆಯೂ ಸೇರಿ ಅವರನ್ನು ಒಳಗೆ ತಂದು ಕೂರಿಸಿದರು. ಕಾಲಿಗೇನೂ ಆಗಿರಲಿಲ್ಲ. ಮೈಯೆಲ್ಲ ಸಿಟ್ಟಾಗಿತ್ತು.

“ನಿನ್ನ ಯಂತ್ರ ಸುಳ್ಳು ಹೇಳ್ತಿದೆ ಕಣಮ್ಮಾ. ನಮ್ಮ ಸಾಹೇಬನ್ನ ನೋಡು. ಹನ್ನೆರಡು ವರ್ಷ ಅವನಿಗೆ. ಆಪರೇಷನ್ ಆದ್ಮೇಲೆ ಎಷ್ಟು ತಿಂಗಳು ಕುಂಟಿದ! ಅವನು ಬೇಗ ಗುಣವಾದ ಅಂತ ಹೇಳುತ್ತಾ ಅದು? ಕೇಳು ಮತ್ತೆ!”

ಆಕೆ ಯಂತ್ರದಲ್ಲಿ ಸಾಹೇಬನನ್ನು ಹುಡುಕಿದಳು. ಸಿಕ್ಕಿದ. ಹೆಸರು ಸರಿ, ಕಾಲು ಸರಿ, ಕುಂಟಿದ ತಿಂಗಳುಗಳೂ ಸರಿ. ವಯಸ್ಸು ಮಾತ್ರ ನಾಲ್ಕು.

ತನಗೆ ಗೊತ್ತಿದ್ದ ಎರಡು ವರ್ಷದ ಮರಿಯೊಂದನ್ನೂ ಹುಡುಕಿ ನೋಡಿದಳು. ಯಂತ್ರದ ಪ್ರಕಾರ ಅದಕ್ಕೆ ಐದು, ಸಾಹೇಬನಿಗಿಂತ ಹಿರಿಯ!

ಹಿಂದೆ ಹಿಂದೆ ಹೋಗಿ ನೋಡಿದಾಗ ಬೇರು ಸಿಕ್ಕಿತು. ಯಾವುದೋ ನಾಯಿಯ ವಯಸ್ಸಿನ ಜಾಗದಲ್ಲಿ ಆಕೆಯೇ ‘ಸುಮಾರು ಎಂಟು’ ಎಂದು ಬರೆದಿದ್ದಳು. ಆ ‘ಸುಮಾರು’ ಕಂಡದ್ದೇ ಯಂತ್ರ ಉಳಿದ ವಯಸ್ಸುಗಳನ್ನೂ ಅಂಕಿಯಲ್ಲ, ಬರೀ ಅಕ್ಷರ ಎಂದು ತೀರ್ಮಾನಿಸಿತ್ತು. ಅದನ್ನು ಅಂಕಿಗೆ ತಿರುಗಿಸಲು ಆಕೆ ಅಂತರಜಾಲದಲ್ಲಿ ಸಿಕ್ಕಿದ ಆಜ್ಞೆಯೊಂದನ್ನು ಕೊಟ್ಟಿದ್ದಳು. ಯಂತ್ರ ವಿಧೇಯವಾಗಿ ವಯಸ್ಸುಗಳನ್ನು ನಿಘಂಟಿನ ಪದಗಳಂತೆ ಸಾಲಾಗಿ ನಿಲ್ಲಿಸಿತು. ಮೊದಲು ಒಂದು, ಅದರ ಹಿಂದೆ, ಒಂದರ ಅಂಕಿಯಿಂದಲೇ ಶುರುವಾಗುವ ಹತ್ತು, ಹನ್ನೊಂದು, ಹನ್ನೆರಡು, ಆಮೇಲೆ ಎರಡು. ಹಾಗೆ ನಿಲ್ಲಿಸಿ, ವಯಸ್ಸಿನ ಬದಲು ಸಾಲಿನಲ್ಲಿ ಎಷ್ಟನೆಯವನು ಎಂಬುದನ್ನು ಬರೆದುಕೊಟ್ಟಿತ್ತು. ಮುದುಕರೆಲ್ಲ ಮರಿಗಳಾಗಿದ್ದರು.

ಸರಿಪಡಿಸಿ ಮತ್ತೆ ಗೆರೆ ಎಳೆಸಿದಳು. ಈ ಸಲ ಅದು ಗುಡ್ಡ ಹತ್ತಿತು. ವಯಸ್ಸಾದಂತೆ ಗುಣವಾಗುವುದು ತಡ. ಇದನ್ನು ಯಾರು ಬೇಕಾದರೂ ಹೇಳುತ್ತಿದ್ದರು.

ಬೆಳಿಗ್ಗೆ ಪ್ರೊಫೆಸರು ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿದರು. ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದರು. ಆಕೆ ಎಲ್ಲ ಹೇಳಿದಳು. ಅವರು ಮೇಲೆ ಉಳಿದಿದ್ದ ಮೆಟ್ಟಿಲುಗಳನ್ನೊಮ್ಮೆ ನೋಡಿದರು.

“ಹಾಗಾದ್ರೆ ನಾನು ಇಷ್ಟು ದಿನ ಹತ್ತಿದ್ದು?”

“ವ್ಯಾಯಾಮ ಒಳ್ಳೇದೇ ಸರ್.”

“ಮಂಡನೆ ಮುಂದಕ್ಕೆ ಹಾಕೋಣ. ತಲೆನೋವು ಅಂತ ಹೇಳು.”

“ತಪ್ಪನ್ನೇ ಹೇಳ್ತೀನಿ ಸರ್. ಮುಂದೆ ಬೇರೆಯವರು ಕಂಡುಹಿಡಿದ್ರೆ ಇಬ್ಬರ ಮರ್ಯಾದೆನೂ ಹೋಗುತ್ತೆ.”

ಪ್ರೊಫೆಸರು ಕೆಳಗಿಳಿದು ಲಿಫ್ಟಿನ ಗುಂಡಿ ಒತ್ತಿದರು. ಆದರೆ ಮಧ್ಯಾಹ್ನ ಬಂದು ಮುಂದಿನ ಸಾಲಿನಲ್ಲೇ ಕೂತರು.

ಆಕೆ ಎದ್ದು ಪರದೆಯ ಮುಂದೆ ನಿಂತಳು. ಮೊದಲು ತಪ್ಪು ಚಿತ್ರ ತೋರಿಸಿದಳು, ಆಮೇಲೆ ಸರಿಯಾದ್ದು, ನಡುವೆ ನಾಲ್ಕು ವರ್ಷದ ಸಾಹೇಬ. ಸಭೆ ಬಿದ್ದು ಬಿದ್ದು ನಕ್ಕಿತು. ಅವಮಾನವಾಗುತ್ತದೆ ಎಂದುಕೊಂಡಿದ್ದವಳಿಗೆ ತಾನೂ ನಗುತ್ತಿದ್ದೇನೆ ಎಂದು ತಡವಾಗಿ ಗೊತ್ತಾಯಿತು. ಆದರೆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಮೆಲ್ಲಗೆ ಲ್ಯಾಪ್‌ಟಾಪ್ ತೆರೆದರು. ಪಕ್ಕದವರೂ ತೆರೆದರು. ಪ್ರಶ್ನೆಗಳಿವೆಯೇ ಎಂದು ಪ್ರೊಫೆಸರು ಕೇಳಿದಾಗ ತಲೆ ಎತ್ತುವವರೇ ಇರಲಿಲ್ಲ.

ಆಕೆ ಕೋಣೆಗೆ ಮರಳುವ ಹೊತ್ತಿಗೆ, ಮೇಕೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಮುಖ ಬಿಳಿಚಿತ್ತು.

“ಅಕ್ಕಾ, ನನ್ನ ಮೇಕೆಗಳ ತೂಕ ಒಂದ್ಸಲ ನೋಡ್ತೀರಾ?”

“ಬಾ, ಕೂತ್ಕೋ,” ಎಂದು ಪಶುವೈದ್ಯೆ ಕುರ್ಚಿ ಎಳೆದಳು. “ಲೆಕ್ಕ ಆಮೇಲೆ. ನಿನಗೆ ಚೆನ್ನಾಗಿ ಗೊತ್ತಿರೋ ಮೇಕೆ ಯಾವುದು?”

ಹುಡುಗಿ ಯೋಚಿಸಲೇ ಇಲ್ಲ. ತನ್ನ ಲ್ಯಾಪ್‌ಟಾಪ್ ತೆರೆದು ಒಂದು ಸಾಲಿಗೆ ಬೆರಳಿಟ್ಟಳು.

“ಇದು. ನನ್ನ ದುಪಟ್ಟಾ ತಿಂದಿದ್ದು.”